ಗೀಳು ರೋಗದ ಜೈವಿಕ ನೆಲೆ: ಸಿಕ್ಕಿದ್ದೆಷ್ಟು, ಸಿಗದೆ ಉಳಿದದ್ದೆಷ್ಟು

ಗೀಳು ರೋಗ ಅಥವಾ ಒಸಿಡಿಯಲ್ಲಿ ಎರಡು ಅಂಶಗಳು ಹೆಣೆದುಕೊಂಡಿರುತ್ತವೆ. ಬೇಡವೆಂದರೂ ಮತ್ತೆ ಮತ್ತೆ ಮನಸ್ಸಿಗೆ ನುಗ್ಗುವ ಆಲೋಚನೆ ಅಥವಾ ಚಿತ್ರ ಒಂದು. ಅದು ಎಬ್ಬಿಸುವ ತಳಮಳ ಇಳಿಯಲೆಂದು ಮಾಡಲೇಬೇಕೆನಿಸುವ ಕ್ರಿಯೆ ಇನ್ನೊಂದು. ಗ್ಯಾಸ್ ಒಲೆ ಆರಿಸಿದ್ದನ್ನು ಕಣ್ಣಾರೆ ಕಂಡವರಿಗೆ ಅಡುಗೆಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅನುಮಾನ ಶುರುವಾಗುತ್ತದೆ. ಹಿಂದಿರುಗಿ ನೋಡುತ್ತಾರೆ, ರೆಗ್ಯುಲೇಟರ್ ಮುಟ್ಟಿ ನೋಡುತ್ತಾರೆ, ಬಾಗಿಲಿಗೆ ಬೀಗ ಹಾಕಿ ಬೀದಿಯ ಕೊನೆ ತಲುಪಿದವರು ಅಲ್ಲಿಂದಲೂ ವಾಪಸಾಗುತ್ತಾರೆ. ಕೆಲವರಿಗೆ ಕೈ ಎಷ್ಟು ತೊಳೆದರೂ ಕೊಳೆ ಹೋದಂತೆನಿಸದು. ಕೆಲವರ ಕ್ರಿಯೆ ಹೊರಗೆ ಕಾಣುವುದೇ ಇಲ್ಲ. ಮನಸ್ಸಿನಲ್ಲೇ ಎಣಿಸುತ್ತಾರೆ, ಒಂದೇ ಪ್ರಾರ್ಥನೆಯನ್ನು ತಪ್ಪಿಲ್ಲದೆ ಮುಗಿಸಲು ಮೊದಲಿನಿಂದ ಶುರುಮಾಡುತ್ತಾರೆ. ಇದು ಭ್ರಮೆಯಲ್ಲ. ಹೆಚ್ಚಿನ ರೋಗಿಗಳಿಗೆ ತಮ್ಮ ಭಯ ಅತಿಯಾದದ್ದೆಂದು ಚೆನ್ನಾಗಿಯೇ ಗೊತ್ತಿರುತ್ತದೆ. ಗೊತ್ತಿದ್ದೂ ನಿಲ್ಲಿಸಲಾಗದು. ಜೈವಿಕ ವಿವರಣೆಗಳೆಲ್ಲ ಉತ್ತರ ಹೇಳಬೇಕಾದದ್ದು ಈ ವಿಚಿತ್ರಕ್ಕೆ.

ಜಗತ್ತಿನಲ್ಲಿ ನೂರಕ್ಕೆ ಇಬ್ಬರು ಮೂವರು ಜೀವಮಾನದ ಯಾವುದಾದರೊಂದು ಹಂತದಲ್ಲಿ ಈ ರೋಗಕ್ಕೆ ತುತ್ತಾಗುತ್ತಾರೆ. ರೋಗ ಸಾಮಾನ್ಯವಾಗಿ ಎರಡು ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ: ಹತ್ತು ವರ್ಷದ ಆಸುಪಾಸಿನಲ್ಲಿ, ಇಲ್ಲವೇ ಇಪ್ಪತ್ತರ ಹೊಸ್ತಿಲಲ್ಲಿ. ಬಾಲ್ಯದಲ್ಲೇ ಶುರುವಾಗುವವರಲ್ಲಿ ಗಂಡುಮಕ್ಕಳು ಹೆಚ್ಚು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇದನ್ನು ಮನೋವಿಶ್ಲೇಷಣೆಯ ಕಣ್ಣಿನಿಂದಲೇ ನೋಡಲಾಗುತ್ತಿತ್ತು. ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ ‘ಇಲಿ ಮನುಷ್ಯ’ನ ಪ್ರಕರಣ ಆ ಕಾಲದ ಮಾದರಿ: ಅದುಮಿಟ್ಟ ಬಯಕೆ ಮತ್ತು ದ್ವೇಷಗಳ ತಿಕ್ಕಾಟವೇ ಗೀಳಾಗಿ ಹೊರಬರುತ್ತದೆ ಎಂಬ ತರ್ಕ. ಬರಹವಾಗಿ ಅದು ಇಂದಿಗೂ ಓದಿಸಿಕೊಳ್ಳುತ್ತದೆ. ಚಿಕಿತ್ಸೆಯಾಗಿ ಆ ದಾರಿಯಿಂದ ಗೀಳು ರೋಗಿಗಳಿಗೆ ಆದ ಪ್ರಯೋಜನ ಅತ್ಯಲ್ಪ. ಮುಂದೆ ರೋಗವನ್ನು ಆತಂಕದ ಕಾಯಿಲೆಗಳ ಪಟ್ಟಿಗೆ ಸೇರಿಸಲಾಯಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗ ವರ್ಗೀಕರಣದ ಐದನೆಯ ಆವೃತ್ತಿಯಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆದು, ಕೂದಲು ಕಿತ್ತುಕೊಳ್ಳುವ, ಚರ್ಮ ಕೆರೆದುಕೊಳ್ಳುವ, ವಸ್ತುಗಳನ್ನು ಗುಡ್ಡೆಹಾಕುವ ರೋಗಗಳ ಜೊತೆ ಪ್ರತ್ಯೇಕ ಅಧ್ಯಾಯದಲ್ಲಿ ಇಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ಪರಿಷ್ಕರಣೆಯೂ ಅದೇ ಹಾದಿ ಹಿಡಿಯಿತು. ಈ ಸ್ಥಳಾಂತರದ ಹಿಂದೆ ಇದ್ದದ್ದು ಬಹುಮಟ್ಟಿಗೆ ಅದಕ್ಕೂ ಹಿಂದಿನ ಮೂರು ದಶಕಗಳ ಜೈವಿಕ ಸಂಶೋಧನೆ.

ಆ ಸಂಶೋಧನೆಯ ಒಂದು ಹಳೆಯ ಸುಳಿವು ಕುಟುಂಬಗಳಿಂದ ಬಂದದ್ದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೀಳು ರೋಗಿಗಳ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳ ಪೈಕಿ ಶೇ. 11.7 ಮಂದಿಗೆ ಅದೇ ರೋಗವಿತ್ತು. ಹೋಲಿಕೆಗೆಂದು ಆರಿಸಿಕೊಂಡವರ ಸಂಬಂಧಿಕರಲ್ಲಿ ಆ ಪ್ರಮಾಣ ಶೇ. 2.7 ಮಾತ್ರ. ಆದರೆ ಒಂದೇ ಮನೆಯಲ್ಲಿ ಬೆಳೆದವರು ವಂಶವಾಹಿಗಳನ್ನಷ್ಟೇ ಹಂಚಿಕೊಳ್ಳುವುದಿಲ್ಲ, ಅಭ್ಯಾಸಗಳನ್ನೂ ಹಂಚಿಕೊಳ್ಳುತ್ತಾರೆ. ತಾಯಿ ದಿನವಿಡೀ ನೆಲ ಒರೆಸುವುದನ್ನು ಕಂಡ ಮಗಳು ಅದನ್ನೇ ಕಲಿತಿರಲೂಬಹುದು. ಈ ಗೋಜಲನ್ನು ಬಿಡಿಸಲು ನೆರವಾದವರು ಅವಳಿಗಳು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಗೀಳಿನ ಲಕ್ಷಣಗಳ ಸಾಮ್ಯ ಎರಡು ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿರುವುದಕ್ಕಿಂತ ಬಹಳ ಹೆಚ್ಚು. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದ 2005ರ ಒಂದು ಸಮೀಕ್ಷೆಯ ಪ್ರಕಾರ, ಮಕ್ಕಳಲ್ಲಿ ಗೀಳಿನ ಲಕ್ಷಣಗಳ ವ್ಯತ್ಯಾಸದ ಶೇ. 45ರಿಂದ 65ರಷ್ಟನ್ನು ಆನುವಂಶಿಕತೆ ವಿವರಿಸುತ್ತದೆ, ವಯಸ್ಕರಲ್ಲಿ ಶೇ. 27ರಿಂದ 47ರಷ್ಟನ್ನು. ಬಾಲ್ಯದಲ್ಲಿ ಶುರುವಾಗುವ ಗೀಳು ಹೆಚ್ಚು ‘ರಕ್ತದಲ್ಲಿ ಬಂದದ್ದು’ ಎಂಬ ವೈದ್ಯರ ಅನುಭವಕ್ಕೆ ಈ ಅಂಕಿಗಳು ಒತ್ತಾಸೆಯಾದವು. ಉಳಿದ ಪಾಲು ಮನೆಯ ವಾತಾವರಣದ್ದೇ ಎಂದುಕೊಳ್ಳುವಂತಿಲ್ಲ. ಒಂದೇ ಮನೆಯ ಮಕ್ಕಳಿಗೆ ಸಮಾನವಾದ ಪರಿಸರಕ್ಕಿಂತ ಒಬ್ಬೊಬ್ಬರಿಗೇ ಒದಗುವ ಅನುಭವಗಳ ಪ್ರಭಾವವೇ ಹೆಚ್ಚೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಮಗುವಿನ ಗೀಳಿಗೆ ತಾಯಿಯ ಸಾಕಣೆಯನ್ನು ದೂರುವ ಹಳೆಯ ಚಾಳಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಆನುವಂಶಿಕತೆ ಇದೆಯೆಂದು ಹೇಳುವುದು ಸುಲಭ, ಯಾವ ವಂಶವಾಹಿ ಎಂದು ತೋರಿಸುವುದು ಕಷ್ಟ. 1990ರ ದಶಕದಿಂದ ಸಂಶೋಧಕರು ತಮಗೆ ಅನುಮಾನವಿದ್ದ ವಂಶವಾಹಿಗಳನ್ನು ಒಂದೊಂದಾಗಿ ಹಿಡಿದು ಪರೀಕ್ಷಿಸಿದರು. ಸೆರೋಟೋನಿನ್ ಸಾಗಣೆಯದ್ದು, ಡೋಪಮಿನ್ ಒಡೆಯುವ ಕಿಣ್ವದ್ದು, ಗ್ಲುಟಮೇಟ್ ಹೀರಿಕೊಳ್ಳುವ ಎಸ್‌ಎಲ್‌ಸಿ1ಎ1 ಎಂಬುದು. ಒಂದು ಊರಿನಲ್ಲಿ ಸಿಕ್ಕ ಫಲಿತಾಂಶ ಇನ್ನೊಂದು ಊರಿನಲ್ಲಿ ಸಿಗಲಿಲ್ಲ. ಮಾದರಿಗಳು ಚಿಕ್ಕವು, ನಿರೀಕ್ಷೆ ದೊಡ್ಡದು. ಮನೋವೈದ್ಯಕೀಯದ ತಳಿಶಾಸ್ತ್ರ ಇಡಿಯಾಗಿ ಆ ಕಾಲದಲ್ಲಿ ಮಾಡಿದ ತಪ್ಪು ಅದು. ಇಡೀ ಜೀನೋಮನ್ನು ಯಾವ ಪೂರ್ವಗ್ರಹವೂ ಇಲ್ಲದೆ ಜಾಲಾಡುವ ವಿಧಾನ ಬಂದ ಮೇಲೂ ಗೀಳಿನ ವಿಷಯದಲ್ಲಿ ಬಹುಕಾಲ ಕೈಗೆ ಹತ್ತಿದ್ದು ಕಡಿಮೆ. 2025ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಈ ಬರವನ್ನು ನೀಗಿತು. 53,660 ರೋಗಿಗಳನ್ನೂ ಸುಮಾರು 20 ಲಕ್ಷ ಇತರರನ್ನೂ ಹೋಲಿಸಿದಾಗ ಜೀನೋಮಿನ 30 ತಾಣಗಳು ರೋಗದೊಂದಿಗೆ ನಂಟು ತೋರಿದವು. ಒಂದೊಂದು ತಾಣದ ಪಾಲೂ ಕೂದಲೆಳೆಯಷ್ಟು. ಗೀಳಿಗೆ ‘ಒಂದು ಜೀನ್’ ಇಲ್ಲ; ನೂರಾರು ಚಿಕ್ಕ ಓಲುವಿಕೆಗಳ ಮೊತ್ತವಿದೆ. ಈ ಓಲುವಿಕೆಗಳಲ್ಲಿ ಬಹಳಷ್ಟು ಖಿನ್ನತೆ, ಆತಂಕ, ನರಸೆಳೆತದ ಟುರೆಟ್ ಕಾಯಿಲೆ, ಊಟ ಬಿಡುವ ಅನೊರೆಕ್ಸಿಯಾಗಳಿಗೂ ಸಮಾನವಾದವು.

ಸಾಮಾನ್ಯ ಜನರಿಗೆ ಹೆಚ್ಚು ಪರಿಚಿತವಾದ ವಿವರಣೆ ಮಾತ್ರ ವಂಶವಾಹಿಯದ್ದಲ್ಲ, ರಸಾಯನದ್ದು: ‘ಮಿದುಳಿನಲ್ಲಿ ಸೆರೋಟೋನಿನ್ ಕಡಿಮೆಯಾಗಿದೆ.’ ಇದರ ಹುಟ್ಟು ಪ್ರಯೋಗಾಲಯದಲ್ಲಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ. 1967ರಲ್ಲಿ ಸ್ಪೇನಿನ ವೈದ್ಯರು ಖಿನ್ನತೆಗೆಂದು ಬಂದಿದ್ದ ಕ್ಲೊಮಿಪ್ರಮಿನ್ ಔಷಧ ಗೀಳನ್ನೂ ಇಳಿಸುತ್ತದೆಂದು ವರದಿ ಮಾಡಿದರು. ಅಲ್ಲಿಯವರೆಗೆ ಯಾವ ಗುಳಿಗೆಗೂ ಬಗ್ಗದ ರೋಗವೆಂದು ಹೆಸರಾಗಿದ್ದ ಗೀಳಿಗೆ ಅದು ದೊಡ್ಡ ತಿರುವು. ಖಿನ್ನತೆ ಇಳಿದದ್ದರಿಂದ ಗೀಳೂ ಇಳಿಯಿತೇ? ಇದನ್ನು ತಿಳಿಯಲು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಂಡವೊಂದು ಮಕ್ಕಳು ಮತ್ತು ಹದಿಹರೆಯದವರಲ್ಲಿ ಎರಡು ಔಷಧಗಳನ್ನು ಒಂದಾದಮೇಲೊಂದು ಕೊಟ್ಟು ನೋಡಿತು. ಕ್ಲೊಮಿಪ್ರಮಿನ್ ಮತ್ತು ಡೆಸಿಪ್ರಮಿನ್ ರಚನೆಯಲ್ಲಿ ಅಕ್ಕತಂಗಿಯರು, ಖಿನ್ನತೆಗೆ ಎರಡೂ ಆಗಿಬರುತ್ತವೆ. ಮೊದಲನೆಯದು ಮುಖ್ಯವಾಗಿ ಸೆರೋಟೋನಿನ್ ಮೇಲೆ, ಎರಡನೆಯದು ನಾರ್‌ಅಡ್ರಿನಲಿನ್ ಮೇಲೆ ಕೆಲಸ ಮಾಡುತ್ತದೆ. 1989ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಗೀಳು ಇಳಿದದ್ದು ಕ್ಲೊಮಿಪ್ರಮಿನ್‌ಗೆ, ಡೆಸಿಪ್ರಮಿನ್‌ಗೆ ಬದಲಾಯಿಸಿದಾಗ ಹಲವು ಮಕ್ಕಳಲ್ಲಿ ಅದು ಮರುಕಳಿಸಿತು. ಎರಡು ವರ್ಷಗಳ ನಂತರ ಹೊರಬಿದ್ದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಕ್ಲೊಮಿಪ್ರಮಿನ್ ತೆಗೆದುಕೊಂಡವರ ಗೀಳಿನ ಅಂಕ ಸರಾಸರಿ ಶೇ. 38 ಮತ್ತು 44ರಷ್ಟು ಇಳಿಯಿತು. ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಇಳಿದದ್ದು ಶೇ. 3ರಿಂದ 5. ಖಿನ್ನತೆಯಲ್ಲಿ ಹುಸಿ ಗುಳಿಗೆಗೂ ಸಾಕಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಗೀಳು ಹಾಗೆ ಸಮಾಧಾನದ ಮಾತಿಗೆ ಮಣಿಯುವ ರೋಗವಲ್ಲ ಎಂಬುದು ಇಲ್ಲಿ ಕಂಡಿತು. ಮುಂದೆ ಫ್ಲುಆಕ್ಸೆಟಿನ್, ಫ್ಲುವೊಕ್ಸಮಿನ್, ಸರ್ಟ್ರಲಿನ್ ಮೊದಲಾದ, ಸೆರೋಟೋನಿನ್ ಮರುಹೀರಿಕೆಯನ್ನಷ್ಟೇ ತಡೆಯುವ ಔಷಧಗಳು ಬಂದವು. ಅಡ್ಡಪರಿಣಾಮ ಕಡಿಮೆಯಿದ್ದುದರಿಂದ ಇಂದಿಗೂ ಮೊದಲು ಬರೆದುಕೊಡುವುದು ಅವನ್ನೇ.

ಔಷಧ ಕೆಲಸ ಮಾಡಿತು ಎಂಬಲ್ಲಿಂದ ಕೊರತೆಯೇ ಕಾರಣ ಎಂಬಲ್ಲಿಗೆ ಜಿಗಿದದ್ದು ಮಾತ್ರ ಅವಸರ. ಜ್ವರ ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆಂದು ಜ್ವರವನ್ನು ಪ್ಯಾರಾಸಿಟಮಾಲ್ ಕೊರತೆ ಎನ್ನುವವರಿಲ್ಲ. ಸೆರೋಟೋನಿನ್ ವಾದದ ವಿರುದ್ಧ ಇರುವ ಸಂಗತಿಗಳು ಹಲವು. ಈ ಗುಳಿಗೆಗಳು ನರಕೋಶಗಳ ನಡುವಿನ ಸೆರೋಟೋನಿನ್ ಮೇಲೆ ಪ್ರಭಾವ ಬೀರುವುದು ಗಂಟೆಗಳಲ್ಲಿ. ಗೀಳು ಇಳಿಯಲು ಎಂಟರಿಂದ ಹನ್ನೆರಡು ವಾರ ಬೇಕು. ಖಿನ್ನತೆಗೆ ಸಾಕಾಗುವ ಪ್ರಮಾಣ ಗೀಳಿಗೆ ಸಾಲದೆ, ಎರಡು ಮೂರು ಪಟ್ಟು ಹೆಚ್ಚಿಸಬೇಕಾಗುತ್ತದೆ. ಸೆರೋಟೋನಿನ್ ತಯಾರಿಕೆಗೆ ಬೇಕಾದ ಟ್ರಿಪ್ಟೊಫ್ಯಾನನ್ನು ಆಹಾರದಲ್ಲಿ ತಗ್ಗಿಸಿದಾಗ, ಗುಳಿಗೆಯಿಂದ ಚೇತರಿಸಿಕೊಂಡ ಖಿನ್ನತೆಯ ರೋಗಿಗಳಲ್ಲಿ ಅನೇಕರು ಮತ್ತೆ ಕುಸಿದರು. ಗೀಳು ರೋಗಿಗಳಲ್ಲಿ ಗೀಳು ಕೆರಳಲಿಲ್ಲ. ಕೊನೆಗೆ, ಔಷಧ ತೆಗೆದುಕೊಂಡವರಲ್ಲಿ ಗಮನಾರ್ಹವಾಗಿ ಸುಧಾರಿಸುವವರು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, ಅವರಲ್ಲೂ ಪೂರ್ತಿ ಗುಣವಾಗುವವರು ವಿರಳ. ಸೆರೋಟೋನಿನ್ ಈ ರೋಗದ ಮೂಲವೆನ್ನುವುದಕ್ಕಿಂತ, ಮೂಲ ಎಲ್ಲೋ ಇರುವ ಒಂದು ವ್ಯವಸ್ಥೆಯನ್ನು ನಿಧಾನವಾಗಿ ಸಡಿಲಿಸಬಲ್ಲ ಹಿಡಿಕೆ ಎನ್ನುವುದು ಹೆಚ್ಚು ಸರಿ. ರೋಗಿಗಳಿಗೆ ಅತಿ ಹೆಚ್ಚು ಹೇಳಲಾಗುವ ಜೈವಿಕ ವಿವರಣೆಯೇ ಅತಿ ದುರ್ಬಲವಾದ ವಿವರಣೆ ಎಂಬುದು ಈ ಕ್ಷೇತ್ರದ ವಿಪರ್ಯಾಸ.

ಡೋಪಮಿನ್ ಪಾತ್ರವೂ ಇಂಥದ್ದೇ ಅರೆಬೆಳಕಿನಲ್ಲಿದೆ. ಸೆರೋಟೋನಿನ್ ಔಷಧಕ್ಕೆ ಬಗ್ಗದವರಿಗೆ ಡೋಪಮಿನ್ ತಡೆಯುವ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಅನ್ನು ಕಡಿಮೆ ಪ್ರಮಾಣದಲ್ಲಿ ಸೇರಿಸಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಅನುಕೂಲವಾಗುತ್ತದೆ. ಡೋಪಮಿನ್ ಏರುಪೇರಿನ ಟುರೆಟ್ ಕಾಯಿಲೆ ಇರುವವರಲ್ಲಿ ಗೀಳು ಸಾಮಾನ್ಯ. ಡೋಪಮಿನ್ ಗ್ರಾಹಕಗಳನ್ನು ಚೋದಿಸುವ ಕ್ವಿನ್‌ಪಿರೋಲ್ ಔಷಧವನ್ನು ಪದೇ ಪದೇ ಕೊಟ್ಟ ಇಲಿಗಳು ಮೈದಾನದ ಒಂದೆರಡು ಜಾಗಗಳಿಗೆ ಮತ್ತೆ ಮತ್ತೆ ಹೋಗಿ ‘ಪರಿಶೀಲಿಸುವ’ ನಡವಳಿಕೆ ಬೆಳೆಸಿಕೊಳ್ಳುತ್ತವೆ. ಆದರೆ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಅದುವರೆಗೆ ಇಲ್ಲದ ಗೀಳನ್ನು ಹೊಸದಾಗಿ ಹುಟ್ಟಿಸುವುದೂ ಉಂಟು. ಒಂದೇ ವರ್ಗದ ಔಷಧಗಳಲ್ಲಿ ಒಂದು ಇಳಿಸುವುದು, ಇನ್ನೊಂದು ಏರಿಸುವುದು ಯಾವ ಸರಳ ಸೂತ್ರಕ್ಕೂ ಒಗ್ಗುವುದಿಲ್ಲ.

ಗ್ಲುಟಮೇಟ್‌ನ ಕಥೆಯಲ್ಲಿ ಬೆಂಗಳೂರಿಗೆ ಒಂದು ನಿಜವಾದ ಪಾಲಿದೆ. ಮಿದುಳಿನಲ್ಲಿ ನರಕೋಶಗಳನ್ನು ಚುರುಕುಗೊಳಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಔಷಧ ಸೇವಿಸಿದವರಲ್ಲಿ ಅದರ ಮಟ್ಟ ಅಳೆದರೆ, ಕಂಡದ್ದು ರೋಗದ ಫಲವೋ ಔಷಧದ ಫಲವೋ ಹೇಳಲಾಗದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಸಂಶೋಧಕರು ಮನೋರೋಗದ ಔಷಧವನ್ನು ಒಮ್ಮೆಯೂ ಮುಟ್ಟಿರದ 21 ಗೀಳು ರೋಗಿಗಳ ಬೆನ್ನುಹುರಿ ದ್ರವವನ್ನು ಪರೀಕ್ಷಿಸಿ, ಅದರಲ್ಲಿ ಗ್ಲುಟಮೇಟ್ ಮಟ್ಟ ಇತರರಿಗಿಂತ ಗಣನೀಯವಾಗಿ ಹೆಚ್ಚಿರುವುದನ್ನು 2005ರಲ್ಲಿ ವರದಿ ಮಾಡಿದರು. ಸೊಂಟಕ್ಕೆ ಸೂಜಿ ಚುಚ್ಚಿ ದ್ರವ ತೆಗೆಯುವ ಇಂಥ ಅಧ್ಯಯನವನ್ನು ಔಷಧ ಕಾಣದ ರೋಗಿಗಳಲ್ಲಿ ಮಾಡುವುದು ಎಲ್ಲೆಡೆ ಸಾಧ್ಯವಿಲ್ಲ. ಹಾಗಾಗಿಯೇ ಈ ಕ್ಷೇತ್ರದ ಬರಹಗಳಲ್ಲಿ ಅದು ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. 2023ರಲ್ಲಿ ಕೇಂಬ್ರಿಜ್‌ನ ತಂಡ 7 ಟೆಸ್ಲಾ ಶಕ್ತಿಯ ಎಂಆರ್‌ಐ ಯಂತ್ರದಿಂದ ಮಿದುಳನ್ನು ನೇರವಾಗಿ ಅಳೆದು, ಗೀಳು ರೋಗಿಗಳಲ್ಲಿ ಸಿಂಗ್ಯುಲೇಟ್ ಎಂಬ, ಮಿದುಳಿನ ಒಳಮಗ್ಗುಲಿನ ತೊಗಟೆಯ ಭಾಗದಲ್ಲಿ ಗ್ಲುಟಮೇಟ್ ಹೆಚ್ಚಿದ್ದನ್ನೂ, ಅದನ್ನು ತಣಿಸುವ ಗಾಬಾ ಕಡಿಮೆಯಿದ್ದುದನ್ನೂ ಕಂಡಿತು. ಮೆಮಾಂಟಿನ್‌ನಂಥ, ಗ್ಲುಟಮೇಟ್ ಮೇಲೆ ಕೆಲಸ ಮಾಡುವ ಔಷಧಗಳನ್ನು ಜೊತೆಗೂಡಿಸಿ ನೋಡಿದ ಪರೀಕ್ಷೆಗಳು ಆಶಾದಾಯಕವಾಗಿವೆ. ಆದರೆ ಮೊದಲ ಸಾಲಿನ ಔಷಧವಾಗುವಷ್ಟು ಪುರಾವೆ ಯಾವುದಕ್ಕೂ ಒದಗಿಲ್ಲ.

ಯಾವ ರಾಸಾಯನಿಕ ಎಂಬುದನ್ನು ಬಿಟ್ಟು ಮಿದುಳಿನ ಯಾವ ಜಾಗ ಎಂದು ಕೇಳಿದಾಗ ಉತ್ತರ ಹೆಚ್ಚು ಗಟ್ಟಿಯಾಗುತ್ತದೆ. ಮೊದಲ ಮಹಾಯುದ್ಧದ ಸುಮಾರಿಗೆ ಯುರೋಪಿನಲ್ಲಿ ಹಬ್ಬಿದ ‘ನಿದ್ರಾ ರೋಗ’ದಲ್ಲಿ, ಅಂದರೆ ವಾನ್ ಇಕೊನೊಮೊ ವಿವರಿಸಿದ ಮಿದುಳುರಿತದಲ್ಲಿ, ಬದುಕುಳಿದ ಕೆಲವರಿಗೆ ಪಾರ್ಕಿನ್ಸನ್ ಲಕ್ಷಣಗಳ ಜೊತೆಗೆ ಗೀಳೂ ಅಂಟಿಕೊಂಡಿತ್ತು. ಅವರ ಮಿದುಳಿನ ಆಳದಲ್ಲಿ, ಚಲನೆಯನ್ನು ನಿಯಂತ್ರಿಸುವ ತಳಗಂಟುಗಳ ಸುತ್ತ ಹಾನಿಯಾಗಿತ್ತು. ಫ್ರಾನ್ಸಿನ ನರವೈದ್ಯ ಲಾಪ್ಲಾನ್ 1980ರ ದಶಕದಲ್ಲಿ ವಿವರಿಸಿದ ಪ್ರಕರಣಗಳು ಇನ್ನೂ ವಿಲಕ್ಷಣ. ಕಣಜ ಕುಟುಕಿದ ನಂಜಿನಿಂದಲೋ ಕಾರ್ಬನ್ ಮೊನಾಕ್ಸೈಡ್ ಸೇವನೆಯಿಂದಲೋ ತಳಗಂಟುಗಳಿಗೆ ಎರಡೂ ಬದಿ ಪೆಟ್ಟು ಬಿದ್ದವರು ಅವರು. ಬುದ್ಧಿಶಕ್ತಿ ಮುಂಚಿನಂತೆಯೇ ಇತ್ತು, ಆದರೆ ಸ್ವಂತ ಉತ್ಸಾಹದಿಂದ ಏನನ್ನೂ ಮಾಡದೆ ಸುಮ್ಮನೆ ಕೂತಿರುತ್ತಿದ್ದರು. ಹೀಗೆ ಜಡವಾದ ಕೆಲವರ ಮನಸ್ಸಿನೊಳಗೆ ಎಡೆಬಿಡದೆ ಎಣಿಕೆ ನಡೆದಿತ್ತು. ಬಾಲ್ಯದ ಆಘಾತವಿಲ್ಲ, ಅದುಮಿಟ್ಟ ಬಯಕೆಯ ಮಾತಿಲ್ಲ. ಮಿದುಳಿನ ಒಂದು ಗಂಟಿಗೆ ಬಿದ್ದ ಗಾಯ ಮಾತ್ರ.

ಜೀವಂತ ರೋಗಿಗಳ ಮಿದುಳು ಕೆಲಸ ಮಾಡುವುದನ್ನು ನೋಡಲು ಪೆಟ್ ಸ್ಕ್ಯಾನ್ ದಾರಿ ಮಾಡಿಕೊಟ್ಟಿತು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು 1987ರಲ್ಲಿ, ಗೀಳು ರೋಗಿಗಳ ಕಣ್ಣುಗುಳಿಯ ಮೇಲಿನ ಮುಂಭಾಗದ ತೊಗಟೆಯೂ ತಳಗಂಟುಗಳಲ್ಲೊಂದಾದ ಕಾಡೇಟೂ ಇತರರಿಗಿಂತ ಹೆಚ್ಚು ಗ್ಲೂಕೋಸ್ ಬಳಸುವುದನ್ನು ತೋರಿಸಿದರು. ಮುಂದೆ ಬೇರೆ ಬೇರೆ ಕೇಂದ್ರಗಳಲ್ಲಿ ನಡೆದ ಅಧ್ಯಯನಗಳ ಹೊಂದಾಣಿಕೆಯಿಂದ ಒಂದು ವರ್ತುಲದ ಚಿತ್ರ ಮೂಡಿತು: ಮುಂಭಾಗದ ತೊಗಟೆಯಿಂದ ಸಂದೇಶ ಕಾಡೇಟನ್ನು ಒಳಗೊಂಡ ಸ್ಟ್ರಯೇಟಮ್‌ಗೆ ಇಳಿಯುತ್ತದೆ, ಅಲ್ಲಿಂದ ಇನ್ನೊಂದು ತಳಗಂಟಾದ ಪ್ಯಾಲಿಡಮ್ ದಾಟಿ ಮಿದುಳಿನ ನಡುವಿನ ಥಲಾಮಸ್ ಸೇರುತ್ತದೆ, ಥಲಾಮಸ್ ಅದನ್ನು ತೊಗಟೆಗೇ ಹಿಂದಿರುಗಿಸುತ್ತದೆ. ಸ್ಟ್ರಯೇಟಮ್‌ನಿಂದ ಹೊರಡುವ ದಾರಿಗಳು ಎರಡು. ನೇರ ದಾರಿ ಥಲಾಮಸ್ಸಿನ ಬಾಗಿಲು ತೆರೆಯುತ್ತದೆ, ಸುತ್ತು ದಾರಿ ಅದನ್ನು ಮುಚ್ಚುತ್ತದೆ. ಗೀಳಿನಲ್ಲಿ ತೆರೆಯುವ ದಾರಿಯ ಕೈ ಮೇಲಾಗಿ, ಒಮ್ಮೆ ಎದ್ದ ಎಚ್ಚರಿಕೆಯ ಸಂದೇಶ ತಣಿಯದೆ ಸುತ್ತುತ್ತಲೇ ಇರುತ್ತದೆ ಎಂಬುದು ಈ ಮಾದರಿಯ ಸಾರ. ‘ಏನೋ ಸರಿಯಿಲ್ಲ’ ಎಂಬ ಸೂಚನೆ ಹುಟ್ಟುವುದು ಎಲ್ಲರ ಮಿದುಳಿನಲ್ಲೂ ಸಹಜ. ಕೈ ತೊಳೆದಾಕ್ಷಣ ಇತರರಲ್ಲಿ ಅದು ಆರಿಹೋಗುತ್ತದೆ, ರೋಗಿಯಲ್ಲಿ ಆರುವುದಿಲ್ಲ. ಒಲೆ ಆರಿದೆಯೆಂದು ಕಣ್ಣು ಹೇಳಿದರೂ ‘ಆಯಿತು’ ಎಂಬ ತೃಪ್ತಿ ಮಾತ್ರ ಬಾರದಿರುವುದನ್ನು ಈ ಮಾದರಿ ಚೆನ್ನಾಗಿ ವಿವರಿಸುತ್ತದೆ. ತಿಳಿವಳಿಕೆ ಒಂದು ಕಡೆ, ಖಾತರಿಯ ಭಾವ ಇನ್ನೊಂದು ಕಡೆ.

ಈ ‘ತಪ್ಪಾಯಿತು’ ಸೂಚನೆಯನ್ನು ತಲೆಯ ಮೇಲಿನ ವಿದ್ಯುದ್ದ್ವಾರಗಳಿಂದ ಅಳೆಯಲೂ ಸಾಧ್ಯ. ಯಾರೇ ಆಗಲಿ ಒಂದು ಪರೀಕ್ಷೆಯಲ್ಲಿ ತಪ್ಪು ಗುಂಡಿ ಒತ್ತಿದಾಗ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಸಿಂಗ್ಯುಲೇಟ್ ಕಡೆಯಿಂದ ಒಂದು ವಿದ್ಯುತ್ ಅಲೆ ಏಳುತ್ತದೆ. ಗೀಳು ರೋಗಿಗಳಲ್ಲಿ ಅದು ದೊಡ್ಡದಾಗಿರುತ್ತದೆಂದು 2000ದಿಂದೀಚೆಗೆ ಹಲವು ಪ್ರಯೋಗಾಲಯಗಳು ಕಂಡಿವೆ. ಚಿಕಿತ್ಸೆಯಿಂದ ಲಕ್ಷಣಗಳು ಇಳಿದ ಮೇಲೂ ಅಲೆ ಇಳಿಯುವುದಿಲ್ಲ; ರೋಗವಿಲ್ಲದ ಒಡಹುಟ್ಟಿದವರಲ್ಲೂ ಅದು ಎದ್ದುಕಾಣುತ್ತದೆ. ಅಂದರೆ ಅಳೆಯುತ್ತಿರುವುದು ರೋಗವನ್ನಲ್ಲ, ರೋಗಕ್ಕೆ ಒಳಗಾಗುವ ಒಲವನ್ನು. ಇನ್ನೊಂದು ಧಾಟಿಯ ಪ್ರಯೋಗಗಳು ಅಭ್ಯಾಸಬಲದ ಕಡೆ ಬೆರಳು ಮಾಡುತ್ತವೆ. ಕೇಂಬ್ರಿಜ್‌ನಲ್ಲಿ ಕ್ಲೇರ್ ಗಿಲ್ಲನ್ ಮತ್ತು ಸಹೋದ್ಯೋಗಿಗಳು ರೋಗಿಗಳ ಮಣಿಕಟ್ಟಿಗೆ ಸಣ್ಣ ಶಾಕ್ ಕೊಡುವ ತಂತಿ ಕಟ್ಟಿ, ಪೆಡಲ್ ತುಳಿದರೆ ಶಾಕ್ ತಪ್ಪುವಂತೆ ಬಹಳ ಹೊತ್ತು ತರಬೇತಿ ಕೊಟ್ಟರು. ಅನಂತರ ಅವರ ಕಣ್ಣೆದುರೇ ತಂತಿ ಬಿಚ್ಚಿದರು. ಇನ್ನು ಶಾಕ್ ಬರಲಾರದೆಂದು ತಿಳಿದಿದ್ದರೂ ರೋಗಿಗಳಲ್ಲಿ ಹಲವರು ಪೆಡಲ್ ತುಳಿಯುತ್ತಲೇ ಇದ್ದರು. ಈ ನೋಟದಲ್ಲಿ, ಭಯದಿಂದ ಕ್ರಿಯೆ ಹುಟ್ಟುವುದಕ್ಕಿಂತ, ನಿಲ್ಲದ ಕ್ರಿಯೆಗೆ ಕಾರಣ ಹುಡುಕುವ ಮನಸ್ಸು ಭಯವನ್ನು ಆಮೇಲೆ ಕಟ್ಟಿಕೊಳ್ಳುವುದೂ ಸಾಧ್ಯ.

ವರ್ತುಲದ ಮಾದರಿಗೆ ಅತಿ ಬಲವಾದ ಬೆಂಬಲ ಬಂದದ್ದು ಇಲಿಗಳಿಂದ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಗ್ವೊಪಿಂಗ್ ಫೆಂಗ್ ತಂಡ ಸ್ಟ್ರಯೇಟಮ್‌ನ ಗ್ಲುಟಮೇಟ್ ಸಂಧಿಗಳಲ್ಲಿ ಹೇರಳವಾಗಿರುವ ಸಾಪಾಪ್3 ಎಂಬ ಪ್ರೋಟೀನಿನ ವಂಶವಾಹಿಯನ್ನು ತೆಗೆದುಹಾಕಿ ಇಲಿಗಳನ್ನು ಬೆಳೆಸಿತು. ನಾಲ್ಕರಿಂದ ಆರು ತಿಂಗಳಾಗುವಷ್ಟರಲ್ಲಿ ಅವುಗಳ ಮುಖದ ಕೂದಲು ಉದುರಿ ಕಣ್ಣಿನ ಸುತ್ತ ಹಸಿ ಗಾಯಗಳಾದವು. ಚರ್ಮರೋಗವೇನೂ ಇರಲಿಲ್ಲ. ಇತರ ಇಲಿಗಳು ನಿದ್ರಿಸುವ ಹೊತ್ತಿನಲ್ಲೂ ಇವು ಮುಂಗಾಲುಗಳಿಂದ ಮುಖ ಉಜ್ಜಿಕೊಳ್ಳುತ್ತಲೇ ಇದ್ದವು. ಬಯಲಿಗೆ, ಬೆಳಕಿಗೆ ಬರಲು ಅಂಜುತ್ತಿದ್ದವು. ಫ್ಲುಆಕ್ಸೆಟಿನ್ ಕೊಟ್ಟಾಗ ಉಜ್ಜುವಿಕೆ ತಗ್ಗಿತು. ಮರಿಯಾಗಿದ್ದಾಗಲೇ ಆ ವಂಶವಾಹಿಯನ್ನು ಸ್ಟ್ರಯೇಟಮ್‌ಗೆ ಮಾತ್ರ ಮರಳಿ ಸೇರಿಸಿದರೆ ರೋಗ ಬರಲೇ ಇಲ್ಲ. 2007ರಲ್ಲಿ ಪ್ರಕಟವಾದ ಈ ಕೆಲಸದ ಸೊಗಸು ಅದರ ಕೊನೆಯ ಹೆಜ್ಜೆಯಲ್ಲಿದೆ: ಹಾನಿ ಎಲ್ಲಿದೆಯೋ ಅಲ್ಲಿಯೇ ತೇಪೆ ಹಾಕಿ ಕಾರಣವನ್ನು ಖಚಿತಪಡಿಸಿಕೊಂಡದ್ದು. ಆರು ವರ್ಷಗಳ ನಂತರ ಕೊಲಂಬಿಯಾ ವಿಶ್ವವಿದ್ಯಾಲಯದ ಸುಸಾನ್ ಅಹ್ಮಾರಿ ಮತ್ತು ಸಂಗಡಿಗರು ಆರೋಗ್ಯವಂತ ಇಲಿಗಳ ತೊಗಟೆಯಿಂದ ಸ್ಟ್ರಯೇಟಮ್‌ಗೆ ಹೋಗುವ ನರಗಳನ್ನು ಬೆಳಕಿನಿಂದ ದಿನಕ್ಕೆ ಐದು ನಿಮಿಷ ಚೋದಿಸಿದರು. ಮೊದಲ ದಿನ ಏನೂ ಆಗಲಿಲ್ಲ. ದಿನಗಳು ಕಳೆದಂತೆ ಇಲಿಗಳು ಹೆಚ್ಚು ಹೆಚ್ಚು ಉಜ್ಜಿಕೊಳ್ಳತೊಡಗಿದವು. ಬೆಳಕು ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಬಿಡಲಿಲ್ಲ. ಅದೇ ವರ್ಷ ಎಂಐಟಿಯ ತಂಡವೊಂದು ಸಾಪಾಪ್3 ಇಲ್ಲದ ಇಲಿಗಳಲ್ಲಿ ತುಸು ಬೇರೆಯಾದ ಎಳೆಯನ್ನು ಚೋದಿಸಿ ಉಜ್ಜುವಿಕೆಯನ್ನು ನಿಲ್ಲಿಸಿತು. ಒಂದು ಎಳೆ ಗೀಳನ್ನು ಹುಟ್ಟಿಸುತ್ತದೆ, ಪಕ್ಕದ ಎಳೆ ತಡೆಯುತ್ತದೆ. ಇಡೀ ವರ್ತುಲ ‘ಅತಿ ಚುರುಕು’ ಎಂಬ ಮೊದಲಿನ ಚಿತ್ರ ಒರಟಾದದ್ದೆಂದು ಇದರಿಂದ ಗೊತ್ತಾಯಿತು. ಮುಖ ಉಜ್ಜುವ ಇಲಿಗೆ ಕೊಳೆಯ ಆಲೋಚನೆ ಕಾಡುತ್ತದೆಯೇ ಎಂದು ಕೇಳಿ ತಿಳಿಯುವ ದಾರಿ ಮಾತ್ರ ಇಲ್ಲ. ರೋಗದ ಅರ್ಧಭಾಗ, ಅಂದರೆ ಗೀಳಿನ ಆಲೋಚನೆ, ಪ್ರಾಣಿ ಮಾದರಿಗಳ ಕೈಗೆ ಸಿಗುವುದಿಲ್ಲ.

ಇನ್ನೊಂದು ವಿವರಣೆ ರೋಗನಿರೋಧಕ ವ್ಯವಸ್ಥೆಯದ್ದು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿದ ಕೆಲವು ಮಕ್ಕಳಿಗೆ ಮುಂದೆ ವಾತಜ್ವರ ಬರುತ್ತದೆ. ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ದಾರಿತಪ್ಪಿ ಹೃದಯದ ಕವಾಟಗಳನ್ನೂ ಕೀಲುಗಳನ್ನೂ ಘಾಸಿಗೊಳಿಸುತ್ತವೆ. ಅದೇ ಪ್ರತಿಕಾಯಗಳು ತಳಗಂಟುಗಳನ್ನು ತಾಗಿದರೆ ಕೈಕಾಲುಗಳು ತಾವಾಗಿಯೇ ಕುಣಿಯುವ ಸಿಡೆನ್‌ಹ್ಯಾಮ್ ಕೊರಿಯಾ ಬರುತ್ತದೆ. ಈ ಮಕ್ಕಳಲ್ಲಿ ಅನೇಕರಿಗೆ ಗೀಳೂ ಇರುವುದನ್ನು ಗಮನಿಸಿದ ಅಮೆರಿಕದ ವೈದ್ಯೆ ಸುಸಾನ್ ಸ್ವೀಡೊ, ಕೊರಿಯಾ ಇಲ್ಲದೆ ಬರೀ ಗೀಳು ಅಥವಾ ನರಸೆಳೆತ ಸೋಂಕಿನ ಬೆನ್ನಿಗೆ ಹಠಾತ್ತನೆ ಕಾಣಿಸಿಕೊಂಡ 50 ಮಕ್ಕಳನ್ನು 1998ರಲ್ಲಿ ವಿವರಿಸಿದರು. ನಿನ್ನೆಯವರೆಗೆ ಸರಿಯಿದ್ದ ಮಗು ಇವತ್ತು ಬಾಗಿಲ ಹಿಡಿಕೆ ಮುಟ್ಟದು: ಆರಂಭ ಅಷ್ಟು ದಿಢೀರ್. ಪಾಂಡಾಸ್ ಎಂದು ಹೆಸರಾದ ಈ ಸ್ಥಿತಿಯ ಸುತ್ತ ವಿವಾದ ಇನ್ನೂ ತಣಿದಿಲ್ಲ. ಶಾಲಾ ವಯಸ್ಸಿನಲ್ಲಿ ಗಂಟಲುನೋವು ಎಲ್ಲ ಮಕ್ಕಳಿಗೂ ಬರುತ್ತದೆ, ಕಾಕತಾಳೀಯವನ್ನು ಬೇರ್ಪಡಿಸುವುದು ಕಷ್ಟ. ಡೆನ್ಮಾರ್ಕಿನ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಆಧರಿಸಿದ 2017ರ ಅಧ್ಯಯನದಲ್ಲಿ, ಸ್ಟ್ರೆಪ್ಟೊಕಾಕಸ್ ಸೋಂಕು ಖಚಿತವಾದ ಮಕ್ಕಳಿಗೆ ಗೀಳು ಬರುವ ಸಾಧ್ಯತೆ ಒಂದೂವರೆ ಪಟ್ಟಿತ್ತು. ಆದರೆ ಆ ಬ್ಯಾಕ್ಟೀರಿಯಾ ಇಲ್ಲದ ಗಂಟಲು ಸೋಂಕಿನ ನಂತರವೂ ಸಾಧ್ಯತೆ ಸ್ವಲ್ಪ ಹೆಚ್ಚಿತ್ತು. ರಕ್ತದ ಪ್ರತಿಕಾಯಗಳನ್ನು ಸೋಸಿ ತೆಗೆಯುವ ಚಿಕಿತ್ಸೆ, ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು 1999ರ ಪರೀಕ್ಷೆಯಲ್ಲಿ ಫಲ ಕೊಟ್ಟಂತೆ ಕಂಡವು. 2016ರ ಪರೀಕ್ಷೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಹುಸಿಮದ್ದಿಗಿಂತ ಮೇಲಾಗಲಿಲ್ಲ. ನಿಮ್ಹಾನ್ಸ್‌ನ ತಂಡವೇ 2009ರಲ್ಲಿ ವಯಸ್ಕ ರೋಗಿಗಳ ಬೆನ್ನುಹುರಿ ದ್ರವದಲ್ಲಿ ತಳಗಂಟು ಮತ್ತು ಥಲಾಮಸ್‌ಗಳಿಗೆ ಅಂಟುವ ಪ್ರತಿಕಾಯಗಳನ್ನು ವರದಿ ಮಾಡಿದೆ. ವಾತಜ್ವರ ಇನ್ನೂ ಮರೆಯಾಗದ ಭಾರತದಂಥ ದೇಶದಲ್ಲಿ ಈ ಪ್ರಶ್ನೆಯನ್ನು ಬೆನ್ನುಹತ್ತಲು ಅವಕಾಶವೂ ಅಗತ್ಯವೂ ಇದೆ. ಹೆಚ್ಚಿನ ಗೀಳು ರೋಗಿಗಳಿಗೆ ಈ ವಿವರಣೆ ಅನ್ವಯಿಸದು. ಒಂದು ಚಿಕ್ಕ ಗುಂಪಿಗೆ ಅನ್ವಯಿಸಬಹುದು.

ಹಾರ್ಮೋನುಗಳ ಕುರಿತು ಗೊತ್ತಿರುವುದು ಕಡಿಮೆ. ಗರ್ಭಾವಸ್ಥೆಯಲ್ಲಿ ಮತ್ತು ಬಾಣಂತನದಲ್ಲಿ ಗೀಳು ಹೊಸದಾಗಿ ಕಾಣಿಸಿಕೊಳ್ಳುವುದು, ಇದ್ದದ್ದು ಕೆರಳುವುದು ಹೆಚ್ಚು. ಹಸುಗೂಸಿಗೆ ತನ್ನಿಂದಲೇ ಅಪಾಯವಾದೀತೆಂಬ ಆಲೋಚನೆ ಬಾಣಂತಿಯನ್ನು ಹಿಂಡುತ್ತದೆ. ಹೇಳಿಕೊಂಡರೆ ಮಗುವನ್ನು ಕಿತ್ತುಕೊಂಡಾರೆಂದು ಬಾಯಿ ಬಿಡುವುದಿಲ್ಲ. ಇಂಥ ಆಲೋಚನೆಯಿಂದ ನಲುಗುವ ಗೀಳು ರೋಗಿ ಅದರಂತೆ ನಡೆಯುವವಳಲ್ಲ ಎಂಬುದನ್ನು ಮನೆಯವರೂ ವೈದ್ಯರೂ ತಿಳಿದಿರಬೇಕು.

ಮಿದುಳಿನ ವರ್ತುಲವೇ ಕಾರಣವಾದರೆ ಅದನ್ನು ಕಡಿದರೆ ಅಥವಾ ತಟ್ಟಿದರೆ ರೋಗ ಇಳಿಯಬೇಕು. ಈ ತರ್ಕದ ಮೇಲೆಯೇ ಯಾವ ಚಿಕಿತ್ಸೆಗೂ ಬಗ್ಗದ ಬೆರಳೆಣಿಕೆಯ ರೋಗಿಗಳಿಗೆ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಬಾರ್ಟ್ ನಟ್ಟಿನ್ ತಂಡ ಮಿದುಳಿನ ಆಳಕ್ಕೆ ವಿದ್ಯುದ್ದ್ವಾರ ಇಳಿಸಿ, ತೊಗಟೆಯಿಂದ ಥಲಾಮಸ್ ಕಡೆಗೆ ಹೋಗುವ ನರಕಟ್ಟನ್ನು ನಿರಂತರವಾಗಿ ಚೋದಿಸುವ ವಿಧಾನವನ್ನು 1999ರಲ್ಲಿ ವರದಿ ಮಾಡಿತು. ಹೀಗೆ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಮನಾರ್ಹ ಸುಧಾರಣೆ ಕಂಡಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ಇದಕ್ಕೆ ಸೀಮಿತ ಅನುಮತಿ ನೀಡಿತು. 2018ರಲ್ಲಿ ತಲೆಬುರುಡೆಯ ಹೊರಗಿನಿಂದಲೇ ಕಾಂತಕ್ಷೇತ್ರ ಹಾಯಿಸುವ ಚಿಕಿತ್ಸೆಗೂ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಲು ರೋಗಿಯ ತಿಳಿದ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಮಂಡಳಿಯ ಅನುಮತಿಯೂ ಬೇಕು.

ಜೈವಿಕ ವಿವರಣೆಯ ಮಿತಿಯನ್ನು ತೋರಿಸಿದವರಲ್ಲಿ ಮೊದಲಿಗರೂ ಮಿದುಳನ್ನು ಸ್ಕ್ಯಾನ್ ಮಾಡಿದವರೇ. ಬ್ಯಾಕ್ಸ್‌ಟರ್ ತಂಡ 1992ರಲ್ಲಿ ಒಂದು ಗುಂಪಿಗೆ ಫ್ಲುಆಕ್ಸೆಟಿನ್ ಕೊಟ್ಟು, ಇನ್ನೊಂದು ಗುಂಪಿಗೆ ಔಷಧವಿಲ್ಲದೆ ವರ್ತನಾ ಚಿಕಿತ್ಸೆ ನೀಡಿ, ಮುಂಚೆ ಮತ್ತು ನಂತರ ಪೆಟ್ ಸ್ಕ್ಯಾನ್ ಮಾಡಿತು. ಸುಧಾರಿಸಿದವರಲ್ಲಿ, ಗುಳಿಗೆ ನುಂಗಿದವರಾಗಲಿ ಕೊಳೆ ಮುಟ್ಟಿ ಕೈ ತೊಳೆಯದೆ ಕೂರುವ ಅಭ್ಯಾಸ ಮಾಡಿದವರಾಗಲಿ, ಬಲಗಡೆಯ ಕಾಡೇಟ್‌ನ ಚಟುವಟಿಕೆ ಒಂದೇ ರೀತಿ ತಗ್ಗಿತ್ತು. ಹಾಗಾದರೆ ಸ್ಕ್ಯಾನಿನಲ್ಲಿ ಕಂಡ ಅತಿ ಚಟುವಟಿಕೆ ಗೀಳಿನ ಕಾರಣವೋ, ಗೀಳಿನ ನೆರಳೋ? ಮನುಷ್ಯರ ಮೇಲಿನ ಸ್ಕ್ಯಾನ್ ಅಧ್ಯಯನಗಳೊಂದರಿಂದಲೇ ಇದಕ್ಕೆ ಉತ್ತರ ಸಿಗದು. ಜಗತ್ತಿನ ಹಲವು ಕೇಂದ್ರಗಳ ಎಂಆರ್‌ಐಗಳನ್ನು ಒಟ್ಟುಮಾಡಿದ ಎನಿಗ್ಮಾ ಒಕ್ಕೂಟ 2017ರಲ್ಲಿ, ವಯಸ್ಕ ರೋಗಿಗಳಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ತುಸು ಚಿಕ್ಕದು, ಪ್ಯಾಲಿಡಮ್ ತುಸು ದೊಡ್ಡದು ಎಂದು ಕಂಡಿತು. ಆ ವ್ಯತ್ಯಾಸ ಗುಂಪುಗಳ ಸರಾಸರಿಯಲ್ಲಿ ಕಾಣುತ್ತದೆಯೇ ಹೊರತು ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ರೋಗ ಹೇಳುವಷ್ಟು ದೊಡ್ಡದಲ್ಲ.

ಗೀಳು ಯಾವ ವಿಷಯವನ್ನು ಕಚ್ಚಿಕೊಳ್ಳುತ್ತದೆ ಎಂಬುದನ್ನೂ ಜೀವಶಾಸ್ತ್ರ ಹೇಳುವುದಿಲ್ಲ. ಮಡಿ-ಮೈಲಿಗೆಯ ಮನೆಯಲ್ಲಿ ಎಂಜಲು ಮುಸುರೆಯ ಮೇಲೆ ಬೀಳುವ ಗೀಳು, ಬೇರೆಡೆ ರೋಗಾಣುವಿನ ಮೇಲೋ ಪಾಪದ ಮೇಲೋ ಬೀಳುತ್ತದೆ. ನಿಲ್ಲದಿರುವಿಕೆ ಮಿದುಳಿನದ್ದು, ವಸ್ತು ಸಂಸ್ಕೃತಿಯದ್ದು. ಇಲ್ಲಿ ಒಂದು ತೊಡಕೂ ಇದೆ. ಶುದ್ಧಾಚಾರಕ್ಕೆ ಗೌರವವಿರುವಲ್ಲಿ ತೊಳೆಯುವ ಗೀಳು ಬಹುಕಾಲ ‘ಮಡಿವಂತಿಕೆ’ಯ ಹೆಸರಿನಲ್ಲಿ ಅಡಗಿರುತ್ತದೆ, ಚರ್ಮ ಬಿರಿದು ನೆತ್ತರು ಒಸರಿದ ಮೇಲೆ ಚರ್ಮದ ವೈದ್ಯರ ಬಳಿ ಕರೆದೊಯ್ಯುತ್ತಾರೆ. ರೋಗ ಶುರುವಾದ ಮೇಲೆ ಚಿಕಿತ್ಸೆ ಸಿಗಲು ವರ್ಷಗಳೇ ಹಿಡಿಯುವುದು ಹಲವು ದೇಶಗಳಲ್ಲೂ ಇದೆ.

ಇದುವರೆಗಿನ ಪುರಾವೆಯನ್ನು ತೂಗಿದರೆ ವರ್ತುಲದ ವಿವರಣೆಯ ತಟ್ಟೆಯೇ ತಗ್ಗುತ್ತದೆ. ಗಾಯಗಳು, ಸ್ಕ್ಯಾನುಗಳು, ಇಲಿಗಳು, ಶಸ್ತ್ರಚಿಕಿತ್ಸೆ ಎಲ್ಲವೂ ಸ್ವತಂತ್ರವಾಗಿ ಅಲ್ಲಿಗೇ ಬಂದು ಸೇರುತ್ತವೆ. 2025ರ ಜೀನೋಮ್ ಅಧ್ಯಯನದಲ್ಲಿಯೂ ಎದ್ದುಬಂದ ಕೋಶಗಳಲ್ಲಿ ಸ್ಟ್ರಯೇಟಮ್‌ನ ನರಕೋಶಗಳಿವೆ. ಆನುವಂಶಿಕತೆ ಈ ವರ್ತುಲವನ್ನು ಸೂಕ್ಷ್ಮವಾಗಿಸುತ್ತದೆ, ಗ್ಲುಟಮೇಟ್ ಅದರೊಳಗೆ ಹರಿಯುತ್ತದೆ, ಸೆರೋಟೋನಿನ್ ಮತ್ತು ಡೋಪಮಿನ್ ಅದರ ಬಿಗಿತವನ್ನು ಹೊಂದಿಸುತ್ತವೆ, ಕೆಲವರಲ್ಲಿ ಸೋಂಕು ಅದನ್ನು ಕೆಡಿಸುತ್ತದೆ. ಆದರೆ ಈ ಸಂಶೋಧನೆಯಿಂದ ರೋಗಪತ್ತೆಗೆ ಒದಗಿರುವ ಸಾಧನ ಒಂದೂ ಇಲ್ಲ. ಗೀಳು ರೋಗವನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ವಂಶವಾಹಿ ಪರೀಕ್ಷೆಯಾಗಲಿ ಎಲ್ಲಿಯೂ ಬಳಕೆಯಲ್ಲಿಲ್ಲ. ಅಂಥದ್ದನ್ನು ಮಾರುವವರ ಮಾತು ನಂಬತಕ್ಕದ್ದಲ್ಲ. ರೋಗಪತ್ತೆ ನಡೆಯುವುದು ರೋಗಿಯನ್ನು ಕೂರಿಸಿಕೊಂಡು ಮಾತನಾಡಿಸುವುದರಿಂದ, ಮತ್ತು ಚಿಕಿತ್ಸೆ ಶುರುವಾಗುವುದು ಸೆರೋಟೋನಿನ್ ಗುಳಿಗೆಯಿಂದ, ವರ್ತನಾ ಚಿಕಿತ್ಸೆಯಿಂದ ಅಥವಾ ಎರಡರಿಂದಲೂ.